ಹಳೇ ಪಿಕಪ್ ಕೊಳ್ಳೋ ಮುಂಚೆ ಟ್ರಿಪ್ಪು ಎಣಿಸಿ

ಯಲಹಂಕದ ಕಡೆ ನಮ್ಮಂಥ ರಾಗಿ, ಅವರೆ ಬೆಳೆಯೋರಿಗೂ ಈಗ ಹಳೇ ಪಿಕಪ್ ಆಸೆ ಹತ್ತಿದೆ. ಯಶವಂತಪುರ ಯಾರ್ಡಿಗೆ ಬಾಡಿಗೆ ಕೊಟ್ಟು ಸಾಕಾಗಿದೆ ಅನ್ನೋದು ನಿಜ. ಆದರೆ 2 ಲಕ್ಷ ಕಿಲೋಮೀಟರ್ ಓಡಿದ ಗಾಡಿ ತಗೋಬಹುದಾ ಎಂದು ಕೇಳುವ ಮೊದಲು, ನಮ್ಮ ಹೊಲದಿಂದ ವರ್ಷಕ್ಕೆ ಎಷ್ಟು ಟ್ರಿಪ್ಪು ಮಾಲು ಹೋಗುತ್ತೆ ಎಂದು ಎಣಿಸಬೇಕು.

ಗಾಡಿ ನಿಂತರೂ ಖರ್ಚು ನಿಲ್ಲೋದಿಲ್ಲ. ಹಳದಿ ಬೋರ್ಡಿನ ಪಿಕಪ್ಪಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸೇ 2022ರಲ್ಲಿ ನಿಗದಿಯಾದ ದರದಂತೆ 16,049 ರೂಪಾಯಿ. 8 ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್.ಸಿ. ಆಗಬೇಕು. ಟೈರು, ಬ್ಯಾಟರಿ, ರಿಪೇರಿ ಎಲ್ಲ ಸೇರಿ 60 ಸಾವಿರ ಅಂತ ಇಟ್ಕೊಳ್ಳಿ. 20 ಟ್ರಿಪ್ಪು ಹೊಡೆದರೆ ಟ್ರಿಪ್ಪಿಗೆ 3 ಸಾವಿರ ಬಿತ್ತು, ಡೀಸೆಲ್ ಬೇರೆ. 100 ಟ್ರಿಪ್ಪಾದರೆ 600. ದಿನಾ ಸೊಪ್ಪು, ಹೂವು ಸಾಗಿಸೋರಿಗೆ ಇದು ಗಿಟ್ಟುತ್ತೆ. ಮಳೆ ನಂಬಿದ ಎರಡೆಕರೆಯವರಿಗೆ ಗಿಟ್ಟಲ್ಲ. ನಾಲ್ಕು ಮನೆಯವರು ಒಟ್ಟಾಗಿ ಬಾಡಿಗೆ ಹಿಡಿಯುವುದೇ ಮೇಲು.

ತಗೊಳ್ಳಲೇಬೇಕು ಅಂದರೆ ಮೀಟರನ್ನು ನಂಬಬೇಡಿ, ಅದನ್ನು ಹಿಂದಕ್ಕೆ ತಿರುಗಿಸೋರಿದ್ದಾರೆ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆಸಿ ನೋಡಿ. ಹೊಗೆ ಒತ್ತಿ ಬಂದರೆ ಎಂಜಿನ್ ಕೆಲಸ ಕಾದಿದೆ ಅಂತಲೇ ಲೆಕ್ಕ. ಚಾಸಿಗೆ ತುಕ್ಕು, ವೆಲ್ಡಿಂಗ್ ಇದೆಯಾ ನೋಡಿ. ಆರ್.ಸಿ.ಯಲ್ಲಿ ಹಳೇ ಸಾಲದ ನಮೂದು ತೆಗೆಸಿರಬೇಕು. 29, 30ನೇ ಫಾರಂಗೆ ಸಹಿ ಹಾಕಿಸಿಕೊಳ್ಳದೆ ಪೂರ್ತಿ ದುಡ್ಡು ಕೊಡಬೇಡಿ.

ಎತ್ತು ಕೊಳ್ಳುವಾಗ ಅದರ ಹಲ್ಲು ನೋಡುತ್ತಿದ್ದೆವು, ನಮ್ಮ ಮೇವಿನ ಬಣವೆಯನ್ನೂ ನೋಡುತ್ತಿದ್ದೆವು. ಗಾಡಿಗೂ ಅದೇ ಲೆಕ್ಕ.