ಇ-ರೀಡರ್ ಕೊಳ್ಳುವ ಮುಂಚೆ ಒಂದೇ ಪ್ರಶ್ನೆ: ಕನ್ನಡ ಓಪನ್ ಆಗುತ್ತಾ?

ಯಾವ ಇ-ರೀಡರ್ ತಗೊಳ್ಳಲಿ ಅಂತ ಕೇಳಿದ್ರೆ ಎಲ್ಲರೂ ಇಂಚು, ಜಿಬಿ, ಬ್ಯಾಟರಿ ಲೆಕ್ಕ ಹೇಳ್ತಾರೆ. ಯಾವ ಭಾಷೆಯಲ್ಲಿ ಓದ್ತೀರಿ ಅಂತ ಕೇಳುವವರು ಕಮ್ಮಿ. ಗಡಿಯಾಚೆಯ ಕನ್ನಡಿಗರಿಗೆ ಮೊದಲ ಪ್ರಶ್ನೆಯೇ ಅದು.

2016ರ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕ ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ.

ಈ ಪಟ್ಟಿಯನ್ನು ಗಡಿನಾಡಲ್ಲಿ ನಿಂತು ಓದಿ. ಕಾಸರಗೋಡಿನ ಮಗುವಿಗೆ ಮಲಯಾಳಂ ಸಿಕ್ಕಿತು. ಜತ್ತ, ಅಕ್ಕಲಕೋಟೆಯ ಮಗುವಿಗೆ ಮರಾಠಿ. ಹೊಸೂರು, ತಾಳವಾಡಿಯ ಮಗುವಿಗೆ ತಮಿಳು. ಕಚೇರಿಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ಯಾವ ಭಾಷೆ ಮುಂದಿದೆಯೋ ಕೈಯಲ್ಲಿರುವ ಯಂತ್ರದಲ್ಲೂ ಅದೇ ಮುಂದೆ. ಆ ಭಾಷೆಗಳ ಮೇಲೆ ನಮಗೆ ಕೋಪ ಇಲ್ಲ. ಆದೋನಿ ಕಡೆ ತೆಲುಗಿಗೂ ನಮ್ಮದೇ ಗತಿ ಆಯ್ತು. ನಮ್ಮದನ್ನು ಯಾಕೆ ಬಿಟ್ರಿ ಅನ್ನೋದಷ್ಟೇ ಪ್ರಶ್ನೆ.

"ಕನ್ನಡಕ್ಕೆ ಮಾರ್ಕೆಟ್ ಇಲ್ಲ" ಅನ್ನುವವರಿದ್ದಾರೆ. ಬ್ಯಾಂಕ್ ಗುಮಾಸ್ತನಾಗಿ ಹೇಳ್ತೀನಿ: ಬ್ರಾಂಚೇ ತೆರೆಯದ ಊರಲ್ಲಿ ಡೆಪಾಸಿಟ್ ಇಲ್ಲ ಅಂತ ವರದಿ ಬರೆದ ಹಾಗಾಯ್ತು ಇದು. ಕನ್ನಡಿಗರೇ ಕಟ್ಟಿದ ಮೈಲ್ಯಾಂಗ್ ಆ್ಯಪ್‌ನಲ್ಲಿ, ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಇ-ಪುಸ್ತಕ ದುಡ್ಡಿಗೇ ಮಾರಾಟ ಆಗ್ತಿವೆ. ಕನ್ನಡ ಪುಸ್ತಕದಂಗಡಿಯೇ ಇಲ್ಲದ ನಮ್ಮ ಊರುಗಳಿಗಿಂತ ಇವುಗಳ ಅಗತ್ಯ ಬೇರೆ ಯಾರಿಗಿದೆ?

ಹಾಗಾದ್ರೆ ಏನು ಕೊಳ್ಳಬೇಕು?

ಬಜೆಟ್ ಇಲ್ಲವೇ? ಇರುವ ಫೋನೇ ಸಾಕು. ಆ ದುಡ್ಡಲ್ಲಿ ಪುಸ್ತಕ ಕೊಳ್ಳಿ.

ಆರ್ಕೈವ್ ಡಾಟ್ ಆರ್ಗ್‌ನಲ್ಲಿರುವ ಹಳೆ ಕನ್ನಡ ಪುಸ್ತಕಗಳ ಸ್ಕ್ಯಾನ್ ಓದುವವರೇ? ಆರಿಂಚಿನ ರೀಡರ್ ಬೇಡ. ಸ್ಕ್ಯಾನ್ ಅಂದ್ರೆ ಪುಟದ ಫೋಟೋ, ಅದರಲ್ಲಿ ಅಕ್ಷರ ಮಾತ್ರ ದೊಡ್ಡದು ಮಾಡಲು ಬರಲ್ಲ. ಹತ್ತಿಂಚಿನ ಸಾಧಾರಣ ಟ್ಯಾಬ್ಲೆಟ್ ವಾಸಿ.

ಕಣ್ಣು ನೋಯದ ಇ-ಇಂಕ್ ಪರದೆಯೇ ಬೇಕೇ? ಬೂಕ್ಸ್‌ನಂಥ ಆ್ಯಂಡ್ರಾಯ್ಡ್ ಇ-ರೀಡರ್ ನೋಡಿ. ಬೆಲೆ ಜಾಸ್ತಿ, ಆದರೆ ಪ್ಲೇ ಸ್ಟೋರ್‌ನಿಂದ ಕನ್ನಡದ ಆ್ಯಪ್ ಹಾಕಿಕೊಳ್ಳಬಹುದು. ಒಂದೇ ಕಂಪನಿಯ ಅಂಗಡಿಗೆ ಕಟ್ಟುಬೀಳಬೇಕಿಲ್ಲ.

ಇಂಗ್ಲಿಷ್ ಮಾತ್ರ ಓದ್ತೀರಾದ್ರೆ ಕಿಂಡಲ್ ಒಳ್ಳೆ ಯಂತ್ರವೇ, ಬೇಡ ಅನ್ನಲ್ಲ. ಆದರೆ "ಮಕ್ಕಳು ಕನ್ನಡ ಓದಲಿ" ಅಂತ ಕಣ್ಣುಮುಚ್ಚಿ ಅದನ್ನೇ ತರಬೇಡಿ.

ಯಾವುದೇ ಕೊಳ್ಳಿ, ದುಡ್ಡು ಕೊಡುವ ಮುಂಚೆ ಒಂದು ಕನ್ನಡ ಪುಸ್ತಕ ತೆರೆಸಿ. "ರಾಷ್ಟ್ರ", "ಸ್ತ್ರೀ", "ಸೂರ್ಯ" ಅನ್ನುವ ಪದ ಹುಡುಕಿ. ಒತ್ತಕ್ಷರ ಕಳಚಿ ಬಿದ್ದಿದ್ರೆ, ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿ ಕಂಡ್ರೆ, ಬೇಡ ಅನ್ನಿ. ಯಾಕೆ ಬೇಡ ಅಂತಲೂ ಅಲ್ಲೇ ಹೇಳಿ, ಕಂಪನಿಗೂ ಬರೆಯಿರಿ.

ಗಿರಾಕಿ ಬಾಯಿ ಬಿಟ್ಟು ಕೇಳದೆ ಯಾವ ಅಂಗಡಿಯವನೂ ಸರಕು ತರಿಸಲ್ಲ. ಕೇಳಿ, ಕನ್ನಡದಲ್ಲೇ ಕೇಳಿ.