ಬೇವಿನೆಲೆಯ ಕಷಾಯವೂ ಬೆಳ್ಳಿಯ ಕಣವೂ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಉದಿಸಿದ ಮಲಪ್ರಭೆಯು ಎಂ.ಕೆ. ಹುಬ್ಬಳ್ಳಿಯ ಬಳಿ ಕಿತ್ತೂರ ಸೀಮೆಯನ್ನು ಮುಟ್ಟಿ, ಬೈಲಹೊಂಗಲದ ಎರೆಭೂಮಿಯ ಮಗ್ಗುಲಲ್ಲಿ ಹರಿದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ತಡೆದು ನಿಂತು, ಬಳಿಕ ರಾಮದುರ್ಗವನ್ನು ಹಾದು ಕೂಡಲಸಂಗಮದ ಕಡೆಗೆ ಸಾಗುತ್ತದೆ. ಈ ನದಿಯ ಬೆನ್ನು ಹಿಡಿದು ನಡೆದವನಿಗೆ, ಸಹ್ಯಾದ್ರಿಯ ನಿತ್ಯಹರಿದ್ವರ್ಣದ ಕಾಡು ಕ್ರಮೇಣ ಎಲೆಯುದುರುವ ಕಾಡಾಗಿ, ಆ ಕಾಡು ಕುರುಚಲಾಗಿ, ಕುರುಚಲು ಹತ್ತಿ ಜೋಳಗಳ ಹೊಲವಾಗಿ, ಕೊನೆಗೆ ಕಲ್ಲುಗುಡ್ಡದ ಮೇಲಿನ ಜಾಲಿ ಬೇವುಗಳಾಗಿ ಮಾರ್ಪಡುವ ಸೋಜಿಗವು ಒಂದೇ ಹಾದಿಯೊಳಗೆ ಕಾಣಸಿಗುವುದು. ಈ ಕಣಿವೆಯ ಒಂದು ಮಗ್ಗುಲಿಗೆ, ಬೆಳಗಾವಿಯಲ್ಲಿ, 2006ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು ಇಂದು ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೆಂದು ಕರೆಯಿಸಿಕೊಳ್ಳುವ ಸಂಸ್ಥೆಯಿದೆ. ಇನ್ನೊಂದು ಮಗ್ಗುಲಿಗೆ ಧಾರವಾಡದ ವಿಶ್ವವಿದ್ಯಾಲಯಗಳಿವೆ. ವೈದ್ಯ, ವನಸ್ಪತಿ, ವಸ್ತುವಿಜ್ಞಾನಗಳು ಒಂದೆಡೆ ಸೇರಿ ದುಡಿಯುವುದಕ್ಕೆ ಇದಕ್ಕಿಂತ ಪ್ರಶಸ್ತವಾದ ಕ್ಷೇತ್ರ ನಾಡಿನಲ್ಲಿ ಹೆಚ್ಚಿಲ್ಲ.

ಆದರೆ ಈ ಮೂರು ಶಾಸ್ತ್ರಗಳು ಸೇರುವ ಹೆಸರಿನಲ್ಲಿ ಈಗ ನಾಡಿನಾದ್ಯಂತ ನಡೆಯುತ್ತಿರುವುದೇನೆಂದು ನೋಡಿದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ. 2004ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರ ತಂಡವು ಬೇವಿನೆಲೆಯ ಕಷಾಯವನ್ನು ಬೆಳ್ಳಿ ಮತ್ತು ಚಿನ್ನದ ಲವಣಗಳ ದ್ರಾವಣದೊಡನೆ ಬೆರೆಸಿ, ಆ ಲೋಹಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನ್ಯಾನೋಕಣಗಳಾಗಿ ಬೇರ್ಪಡುವುದನ್ನು ತೋರಿಸಿತು. ವಿಷಕಾರಿ ರಾಸಾಯನಿಕಗಳ ಹಂಗಿಲ್ಲದೆ, ಎಲೆಯೊಳಗಿನ ವಸ್ತುಗಳಿಂದಲೇ ಈ ಕಾರ್ಯ ಸಾಧ್ಯವೆಂಬುದು ನಿಜಕ್ಕೂ ಸುಂದರವಾದ ಶೋಧವಾಗಿತ್ತು. ಅದು ಸುಂದರವಾಗಿದ್ದಂತೆಯೇ ಸುಲಭವೂ ಆಗಿದ್ದುದು ನಮ್ಮ ದುರ್ದೈವ. ಅಂದಿನಿಂದ ಇಂದಿನವರೆಗೆ ತುಳಸಿ, ಲಕ್ಕಿ, ಎಕ್ಕೆ, ಆಡುಸೋಗೆ, ನುಗ್ಗೆ ಎಂದು ಎಲೆಯೊಂದನ್ನು ಬದಲಿಸಿ, ಅದನ್ನು ಕುದಿಸಿ, ಬೆಳ್ಳಿಯ ನೈಟ್ರೇಟಿನಲ್ಲಿ ಬೆರೆಸಿ, ದ್ರಾವಣವು ಕಂದುಬಣ್ಣಕ್ಕೆ ತಿರುಗಿದೊಡನೆ ಗಾಜಿನ ತಟ್ಟೆಯ ಮೇಲಿನ ನಾಲ್ಕು ಬಗೆಯ ರೋಗಾಣುಗಳನ್ನು ಕೊಂದು ತೋರಿಸಿ ಪ್ರಬಂಧವನ್ನು ಮುಗಿಸುವ ಪರಿಪಾಠ ಬೆಳೆದುಬಂದಿದೆ. ಕೊನೆಯ ವಾಕ್ಯದಲ್ಲಿ ಈ ಕಣಗಳು ವೈದ್ಯಕೀಯದಲ್ಲಿ ಉಪಯುಕ್ತವಾಗಬಹುದೆಂದು ಬರೆಯುವುದಂತೂ ಮಂಗಳಾರತಿಯಷ್ಟೇ ನಿಯತವಾಗಿದೆ.

ಬೆಳ್ಳಿಗೆ ರೋಗಾಣುಗಳನ್ನು ಕೊಲ್ಲುವ ಶಕ್ತಿಯಿರುವುದು ಹೊಸ ಸಂಗತಿಯಲ್ಲ. ಜರ್ಮನಿಯ ವೈದ್ಯ ಕಾರ್ಲ್ ಕ್ರೇಡೆ 1880ರ ದಶಕದಲ್ಲಿಯೇ ನವಜಾತ ಶಿಶುಗಳ ಕಣ್ಣಿಗೆ ಬೆಳ್ಳಿಯ ನೈಟ್ರೇಟಿನ ಹನಿಯನ್ನು ಹಾಕಿ, ಹೆರಿಗೆಯ ಕಾಲದಲ್ಲಿ ತಗಲುವ ಸೋಂಕಿನಿಂದ ಅವು ಕುರುಡಾಗುವುದನ್ನು ತಡೆದಿದ್ದನು. ಹಾಗಿರಲು ಕೊಂದದ್ದು ಬೆಳ್ಳಿಯೋ ಎಲೆಯೋ ಎಂಬುದನ್ನು ಬೇರ್ಪಡಿಸಿ ನೋಡದೆ ಕೀರ್ತಿಯನ್ನು ಎಲೆಗೆ ಸಲ್ಲಿಸುವುದು ಶಾಸ್ತ್ರವೆನಿಸದು. ಎಲೆಯನ್ನು ಯಾವ ಕಾಡಿನಿಂದ, ಯಾವ ಋತುವಿನಲ್ಲಿ ತಂದರು, ಅದು ಆ ಸಸ್ಯವೇ ಹೌದೆಂದು ಯಾರು ಗುರುತಿಸಿದರು, ಒಣಗಿಸಿದ ಮಾದರಿ ಯಾವ ಸಸ್ಯಸಂಗ್ರಹಾಲಯದಲ್ಲಿದೆ ಎಂಬ ವಿವರಗಳೂ ಅನೇಕ ವೇಳೆ ಇರುವುದಿಲ್ಲ. ಇದು ವಿದ್ಯಾರ್ಥಿಗಳ ದೋಷವೆಂದು ನಾನು ಹೇಳಲಾರೆ. ಪದವಿಗೂ ಬಡ್ತಿಗೂ ಪ್ರಬಂಧಗಳ ಸಂಖ್ಯೆಯನ್ನೇ ಅಳತೆಗೋಲಾಗಿ ಹಿಡಿದ ವ್ಯವಸ್ಥೆಯು ಇದಕ್ಕಿಂತ ಬೇರೆ ಫಲವನ್ನು ಹೇಗೆ ತಾನೇ ಕೊಟ್ಟೀತು?

ಅದೇ ಬೇವಿನ ಇನ್ನೊಂದು ಚರಿತ್ರೆಯುಂಟು. ಕೀಟಗಳನ್ನು ಬೆಳೆಯಿಂದ ದೂರವಿಡುವ ಅಜಾಡಿರಾಕ್ಟಿನ್ ಎಂಬ ಸಾರವನ್ನು ಇಂಗ್ಲೆಂಡಿನಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬವರು ಬೇವಿನ ಬೀಜದಿಂದ ಬೇರ್ಪಡಿಸಿದ್ದು 1968ರಲ್ಲಿ. ಅದರ ಅಣುರಚನೆ ನಿಸ್ಸಂದೇಹವಾಗಿ ತಿಳಿದದ್ದು 1985ರಲ್ಲಿ. ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ ತೋರಿಸಿದ್ದು 2007ರಲ್ಲಿ. ಒಂದೇ ಒಂದು ವಸ್ತುವಿನ ಹಿಂದೆ ಸುಮಾರು ನಾಲ್ಕು ದಶಕಗಳ ತಪಸ್ಸು! ಸಹ್ಯಾದ್ರಿಯಲ್ಲಿ ಬೆಳೆಯುವ, ನಮ್ಮವರು ದುರ್ವಾಸನೆಯ ಮರವೆಂದೂ ಮರಾಠಿಗರು ನರಕ್ಯಾ ಎಂದೂ ಕರೆಯುವ ಗಿಡದ ಕಥೆಯೂ ಇಂಥದೇ. ಅರ್ಬುದ ರೋಗದ ಚಿಕಿತ್ಸೆಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಭಾರತೀಯ ಮೂಲದ ಮನಸುಖ ವಾಣಿಯವರು ಚೀನದ ಮರವೊಂದರಲ್ಲಿ ಕಂಡರು; 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದನ್ನು ನಮ್ಮ ದುರ್ವಾಸನೆಯ ಮರದಲ್ಲಿಯೂ ಕಂಡರು. ಅದರಿಂದ ಮಾರ್ಪಡಿಸಿದ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಗಳು 1990ರ ದಶಕದಲ್ಲಿ ರೋಗಿಗಳಿಗೆ ದೊರೆತವು. ಅಷ್ಟರಲ್ಲಿ ಮರದ ಗತಿ ಏನಾಯಿತು? ತೊಗಟೆ ಕಾಂಡಗಳಿಗಾಗಿ ಕಂಡಕಂಡಲ್ಲಿ ಕಡಿದು ಸಾಗಿಸಿದರು; ಸಹ್ಯಾದ್ರಿಯ ಎಷ್ಟೋ ಕಡೆ ಅದು ವಿರಳವಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಉಮಾಶಂಕರ ಅವರೂ ಸಂಗಡಿಗರೂ ಯಾವ ತಾಣದ ಮರದಲ್ಲಿ ಈ ಸಾರ ಎಷ್ಟಿದೆಯೆಂದು ಕಾಡಿನಿಂದ ಕಾಡಿಗೆ ಅಳೆದು ನೋಡಿದ್ದು ಆ ಕಾರಣದಿಂದಲೇ ಮಹತ್ತ್ವದ ಕೆಲಸ.

ಕಾಡಿನ ಬೇರುಗಳೆಲ್ಲವೂ ಅಮೃತವೆಂಬ ಭಾವುಕತೆಗೂ ಇಲ್ಲಿ ಎಡೆಯಿಲ್ಲ. ಹಾವಿನ ವಿಷಕ್ಕೆ ಮದ್ದೆಂದು ಹಳ್ಳಿಗಳಲ್ಲಿ ಕೊಡುತ್ತ ಬಂದಿರುವ ಈಶ್ವರಿ ಬೇರಿನ ಕುಲದ ಸಸ್ಯಗಳಲ್ಲಿ ಮೂತ್ರಪಿಂಡವನ್ನು ಕೆಡಿಸಿ ಅರ್ಬುದಕ್ಕೂ ಕಾರಣವಾಗುವ ಆಮ್ಲವಿರುವುದು ಈಗ ಸಿದ್ಧವಾದ ಸಂಗತಿ. ನಾಟಿ ವೈದ್ಯರ ಅನುಭವವನ್ನು ಗೌರವಿಸುವುದೆಂದರೆ ಅದನ್ನು ಪರೀಕ್ಷೆಗೆ ಒಡ್ಡುವುದೇ ಹೊರತು ಪೂಜಿಸುವುದಲ್ಲ. ಪರೀಕ್ಷೆ ಫಲಿಸಿದರೆ ಲಾಭದ ಪಾಲನ್ನು 2002ರ ಜೀವವೈವಿಧ್ಯ ಕಾಯಿದೆಯು ಹೇಳುವಂತೆ ಅವರಿಗೆ ಸಲ್ಲಿಸುವುದೂ ಆ ಗೌರವದ ಭಾಗವೇ.

ಇನ್ನು ಸವದತ್ತಿಯ ಗುಡ್ಡಕ್ಕೆ ಬರೋಣ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಲಕ್ಷಾಂತರ ಜನ ಎಲ್ಲಮ್ಮನ ಸನ್ನಿಧಿಯಲ್ಲಿ ಭಂಡಾರವೆಂಬ ಅರಿಷಿಣದ ಹುಡಿಯನ್ನು ಹಣೆಗೆ ಹಚ್ಚಿ, ಒಬ್ಬರ ಮೇಲೊಬ್ಬರು ತೂರಿ, ಪ್ರಸಾದವೆಂದು ಮನೆಗೂ ಒಯ್ಯುತ್ತಾರೆ. ಗಾಯಕ್ಕೆ ಅರಿಷಿಣ ಹಚ್ಚುವ ವಿದ್ಯೆಗೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟನ್ನು ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳ ಆಧಾರವನ್ನು ಮುಂದಿಟ್ಟು 1997ರಲ್ಲಿ ರದ್ದುಮಾಡಿಸಿದಾಗ ನಾವೆಲ್ಲ ಹಿಗ್ಗಿದೆವಷ್ಟೆ. ಆದರೆ ಆ ಅರಿಷಿಣದ ಹೆಸರಿನಲ್ಲಿ ಜಾತ್ರೆಯ ಅಂಗಡಿಗಳಲ್ಲಿ ತೂಗಿ ಕೊಡುವ ಹಳದಿ ಹುಡಿಯು ಎಷ್ಟರಮಟ್ಟಿಗೆ ಅರಿಷಿಣ ಎಂದು ಕೇಳುವ ಕುತೂಹಲ ನಮ್ಮಲ್ಲಿ ಹುಟ್ಟಬೇಡವೆ? ಇದು ಯಾವ ವ್ಯಾಪಾರಿಯ ಮೇಲೂ ಹೊರಿಸುವ ಆರೋಪವಲ್ಲ. ಬಾಂಗ್ಲಾದೇಶದಲ್ಲಿ ಅರಿಷಿಣಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟನ್ನು ಬೆರೆಸುತ್ತಿದ್ದುದನ್ನು 2019ರಲ್ಲಿ ಸಂಶೋಧಕರು ಬಯಲಿಗೆಳೆದರು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ವಿಷ. ಹುಡಿಯಲ್ಲಿ ಸೀಸವಿದೆಯೇ ಎಂಬುದನ್ನು ಕ್ಷ-ಕಿರಣದ ಪ್ರತಿದೀಪ್ತಿಯಿಂದ ಕೆಲವೇ ನಿಮಿಷಗಳಲ್ಲಿ ತಿಳಿಸುವ ಉಪಕರಣವು ವಸ್ತುವಿಜ್ಞಾನಿಯ ನಿತ್ಯದ ಸಲಕರಣೆ. ಬೆರಕೆಯ ಹಿಟ್ಟನ್ನು ಸೂಕ್ಷ್ಮದರ್ಶಕದಡಿ ಗುರುತಿಸುವುದು ಸಸ್ಯಶಾಸ್ತ್ರಿಯ ಕೆಲಸ. ಅದನ್ನು ಮೈಗೆ ಹಚ್ಚಿಕೊಂಡ, ಉಸಿರಿನೊಡನೆ ಒಳಗೆಳೆದುಕೊಂಡ ಮಕ್ಕಳ ರಕ್ತವನ್ನು ಪರೀಕ್ಷಿಸುವುದು ವೈದ್ಯನ ಹೊಣೆ. ಮೂರು ಶಾಸ್ತ್ರಗಳ ಸಂಗಮವೆಂದರೆ ಇದು. ಇಂಥ ಪ್ರಬಂಧಕ್ಕೆ ವಿದೇಶದ ಪತ್ರಿಕೆಯಲ್ಲಿ ಸ್ಥಾನ ದೊರೆಯದಿದ್ದರೂ ಚಿಂತೆಯಿಲ್ಲ, ಗುಡ್ಡ ಹತ್ತುವ ತಾಯಂದಿರಿಗೆ ಉತ್ತರ ದೊರೆಯುತ್ತದೆ.

ಬೈಲಹೊಂಗಲದ ಹತ್ತಿಯದೂ ಅಂಥದೇ ಪ್ರಶ್ನೆ. ಧಾರವಾಡದಲ್ಲಿ ಕಟರಕಿಯವರು 1972ರಲ್ಲಿ ರೂಪಿಸಿದ ವರಲಕ್ಷ್ಮಿ ಎಂಬ ಸಂಕರ ಹತ್ತಿಯು ಸಂಶೋಧನೆಯು ಹೊಲಕ್ಕಿಳಿದುದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನ. ಅರಳೆಯೆಂಬುದು ಬಹುತೇಕ ಶುದ್ಧ ಸೆಲ್ಯುಲೋಸ್. ಗಾಯಕ್ಕೆ ಕಟ್ಟುವ ಹತ್ತಿಯೂ, ನಾವು ನುಂಗುವ ಅನೇಕ ಗುಳಿಗೆಗಳ ಮೈಯನ್ನು ಕಟ್ಟುವ ಬಿಳಿಯ ಹುಡಿಯೂ ಸೆಲ್ಯುಲೋಸೇ. ಹತ್ತಿ ಬಿಡಿಸಿದ ಮೇಲೆ ರೈತನು ಸುಟ್ಟುಹಾಕುವ ಕಟ್ಟಿಗೆಯಿಂದ ಹಲಗೆಗಳನ್ನು ಮಾಡುವ ವಿಧಾನವನ್ನು 1924ರಲ್ಲಿ ಸ್ಥಾಪಿತವಾದ ಮುಂಬಯಿಯ ಹತ್ತಿ ತಂತ್ರಜ್ಞಾನ ಸಂಸ್ಥೆಯು ಆಗಲೇ ಸಿದ್ಧಪಡಿಸಿದೆ. ಬೇವಿನ ಬೀಜದ ಕಷಾಯವನ್ನು ಸಿಂಪಡಿಸಿದರೆ ಬಿಸಿಲಿಗೆ ಅದರ ಸತ್ತ್ವವು ಕೆಲವೇ ದಿನಗಳಲ್ಲಿ ನಶಿಸುವುದೆಂಬುದನ್ನು ರೈತನೂ ಬಲ್ಲನು, ವಿಜ್ಞಾನಿಯೂ ಬಲ್ಲನು. ಅದೇ ಹತ್ತಿಯ ಕಟ್ಟಿಗೆಯ ಸೆಲ್ಯುಲೋಸಿನೊಳಗೆ ಬೇವಿನ ಸಾರವನ್ನು ಹುದುಗಿಸಿ, ಬಿಸಿಲಿನಲ್ಲಿ ಮೆಲ್ಲನೆ ಬಿಡುಗಡೆಯಾಗುವಂತೆ ಮಾಡಬಹುದೇ? ಮಾಡಿದರೂ ಕಡಿಮೆ ಖರ್ಚಿನಲ್ಲಿ ಆಗುವುದೇ? ಬೆಳ್ಳಿಯ ಬಣ್ಣವನ್ನು ನೋಡುವುದರಲ್ಲಿ ಕಳೆಯುವ ಆಯುಷ್ಯದ ಒಂದು ಪಾಲನ್ನು ಈ ಪ್ರಶ್ನೆಗೆ ಕೊಟ್ಟರೆ ನಷ್ಟವೇನೂ ಇಲ್ಲ.

ಆದುದರಿಂದ ವಿಶ್ವವಿದ್ಯಾಲಯಗಳ ಅಧಿಕಾರಿಗಳಲ್ಲಿಯೂ ಬೆಳಗಾವಿಯ ಸಂಸ್ಥೆಯವರಲ್ಲಿಯೂ ನನ್ನ ವಿನಂತಿ ಇಷ್ಟೆ. ಮಲಪ್ರಭೆಯ ಕಣಿವೆಯ ಈ ತಾಲೂಕುಗಳ ಸಸ್ಯಗಳನ್ನು ಕುರಿತು ನಡೆಯುವ ಯಾವ ಸಂಶೋಧನೆಯನ್ನೇ ಆಗಲಿ, ಸಸ್ಯದ ಗುರುತೂ ಸಂಗ್ರಹಿಸಿದ ತಾಣವೂ ದಾಖಲಾಗದೆ ಅಂಗೀಕರಿಸಬೇಡಿರಿ. ಮೂರು ಶಾಸ್ತ್ರಗಳವರೂ ಮೊದಲ ದಿನದಿಂದ ಕೂಡಿ ದುಡಿಯುವ ಕೆಲಸಕ್ಕೇ ಮೊದಲು ಹಣ ಕೊಡಿರಿ. ಫಲಿತಾಂಶವನ್ನು ಕನ್ನಡದಲ್ಲಿ ಬರೆಯಿಸಿ ಗ್ರಾಮ ಪಂಚಾಯತಿಗಳಿಗೆ ಕಳಿಸಿರಿ. ಅಕ್ಟೋಬರಿನಲ್ಲಿ ನಡೆಯುವ ಕಿತ್ತೂರು ಉತ್ಸವದಲ್ಲಿ ಒಂದು ಮಧ್ಯಾಹ್ನವನ್ನು ತೆಗೆದಿರಿಸಿ, ಆ ವರ್ಷ ನಮ್ಮ ಬೇವು, ಅರಿಷಿಣ, ಹತ್ತಿಗಳ ವಿಷಯವಾಗಿ ಏನು ತಿಳಿಯಿತೆಂಬುದನ್ನು ಸಂಶೋಧಕರೇ ಬಂದು ರೈತರೂ ನಾಟಿ ವೈದ್ಯರೂ ಕುಳಿತ ಸಭೆಗೆ ಹೇಳಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡುವಂತೆ ಜಿಲ್ಲಾಡಳಿತವು ಏರ್ಪಾಡು ಮಾಡಲಿ.