ಮೊದಲು ಧ್ವನಿ, ಅನಂತರ ಅಕ್ಷರ

ಹೊರನಾಡ ಕನ್ನಡಿಗರ ಅನೇಕ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಆಡಬಲ್ಲರು, ಓದಲಾರರು. ಊರಿನಿಂದ ಬಂದ ಲಗ್ನಪತ್ರಿಕೆಯನ್ನೂ ಹಿರಿಯರೇ ಓದಿ ಹೇಳಬೇಕು. ಇದಕ್ಕೆ ಶಾಲೆಯೊಂದನ್ನೇ ದೂರುವುದು ನ್ಯಾಯವಲ್ಲ.

49 ಅಕ್ಷರಗಳ ಪಟವನ್ನು ಗೋಡೆಗೆ ತೂಗುಹಾಕಿ ಬಾಯಿಪಾಠ ಮಾಡಿಸುವುದು ರೂಢಿಯಾಗಿದೆ. ಆದರೆ ಕಿವಿಗೆ ಗುರುತಾಗದ ಧ್ವನಿ ಕಣ್ಣಿಗೆ ಅಕ್ಷರವಾಗಿ ನಿಲ್ಲದು. ಮರಾಠಿ ಬರವಣಿಗೆಯಲ್ಲಿ ಎ-ಏ, ಒ-ಓಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಮುಂಬಯಿಯ ಮಗುವಿಗೆ ‘ಕೊಡು’, ‘ಕೋಡು’ ಒಂದೇ ಎನಿಸಿದರೆ ಆಶ್ಚರ್ಯವಿಲ್ಲ. ಪ್ರಮಾಣ ಹಿಂದಿಯಲ್ಲಿ ಳಕಾರವಿಲ್ಲ. ದಿಲ್ಲಿಯ ಮಗುವಿಗೆ ‘ಬಳೆ’, ‘ಬಲೆ’ಗಳು ಬೆರೆತುಹೋಗಬಹುದು.

ಪರಿಹಾರವು ದುಬಾರಿಯಲ್ಲ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಇಂತಹ ಜೋಡಿಪದಗಳ ಚಿತ್ರ ಬರೆದು ಕತ್ತರಿಸಿದರೆ ಆಟದ ಸಾಮಗ್ರಿ ಸಿದ್ಧ. ತಾಯಿಯೋ ತಂದೆಯೋ ಪದವನ್ನು ನುಡಿಯಲಿ, ಮಗು ತಕ್ಕ ಚಿತ್ರವನ್ನು ಎತ್ತಲಿ. ಇನ್ನೊಂದು ಆಟದಲ್ಲಿ ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು. ವ್ಯಾಕರಣದ ಮಾತ್ರೆಯ ಲೆಕ್ಕವೂ ಅದೇ. ಕಿವಿ ಪಳಗಿದ ಮೇಲೆ ಚಿತ್ರದ ಕೆಳಗೆ ಅಕ್ಷರವನ್ನು ಬರೆದರಾಯಿತು. ಮಗು ಪದೇ ಪದೇ ತಡವರಿಸಿದರೆ ಗದರಿಸದೆ, ಕಿವಿಯ ವೈದ್ಯರಲ್ಲಿ ಪರೀಕ್ಷೆ ಮಾಡಿಸುವುದು ಮೇಲು.

ಇದರಿಂದ ಇಂಗ್ಲಿಷಿನ ಓದಿಗೆ ತೊಡಕಾದೀತೆಂಬ ಭಯ ನಿರಾಧಾರವಾದುದು. ಧ್ವನಿಗಳನ್ನು ಬಿಡಿಸಿ ಕೇಳುವ ಅಭ್ಯಾಸವು ಯಾವ ಭಾಷೆಯ ಓದಿಗಾದರೂ ಸಹಾಯಕವೇ.

ರಾಜ್ಯೋತ್ಸವದ ಸಮಾರಂಭಕ್ಕೆ ವ್ಯಯಿಸುವ ಶ್ರಮದಲ್ಲಿ ಕಿಂಚಿತ್ತನ್ನು, ದಿನಕ್ಕೆ 10 ನಿಮಿಷಗಳಂತೆ, ಪ್ರತಿಯೊಂದು ಮನೆಯೂ ಈ ಆಟಗಳಿಗೆ ಮೀಸಲಿಡಲಿ. ಆಗ ಇಂತಹ ಸ್ಮರಣ ಸಂಚಿಕೆಗಳಿಗೆ ಮುಂದೆಯೂ ಓದುಗರು ಉಳಿದಾರು.